ಕೆಂಚನ ಘ್ರಾಣಪಾಠ

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಮೊದಲ ಸಲ ಕಂಠಪಾಠ ಮಾಡಿದಾಗ ನನಗೆ ಹದಿಮೂರೋ ಹದಿನಾಲ್ಕೋ ವರುಷ. ರೂಪವು ಏಳು ಬಗೆ, ರಸವು ಆರು ಬಗೆ, ಸ್ಪರ್ಶವು ಮೂರು ಬಗೆ ಎಂದು ಅಚ್ಚುಕಟ್ಟಾಗಿ ಎಣಿಸುತ್ತ ಬಂದ ಅನ್ನಂಭಟ್ಟನು ಗಂಧದ ಬಳಿಗೆ ಬಂದೊಡನೆ ಸುರಭಿ, ಅಸುರಭಿ ಎಂದು ಎರಡೇ ಮಾತಿನಲ್ಲಿ ವಿಷಯವನ್ನು ಮುಗಿಸಿಬಿಡುತ್ತಾನೆ. ಒಳ್ಳೆಯ ವಾಸನೆ, ಕೆಟ್ಟ ವಾಸನೆ, ಅಷ್ಟೇ. ಪೃಥಿವಿಯ ಲಕ್ಷಣವನ್ನೇ ಗಂಧದಿಂದ ಹೇಳಿದ ಶಾಸ್ತ್ರವು ಆ ಗಂಧವನ್ನು ಇಷ್ಟು ಬೇಗನೆ ಕೈಬಿಟ್ಟುದೇಕೆ ಎಂಬ ಶಂಕೆಯು ಆಗ ನನಗೆ ಹುಟ್ಟಲಿಲ್ಲ. ಮುಂದೆ ಮೂವತ್ತು ವರುಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತ ಹೇಳಿಕೊಡುವಾಗಲೂ ಹುಟ್ಟಲಿಲ್ಲ. ಅರುವತ್ತು ದಾಟಿ, ಎರಡು ತಿಂಗಳ ಒಂದು ನಾಯಿಮರಿಯ ಹಿಂದೆ ನಮ್ಮ ಮನೆಯ ಜಗಲಿಯ ಮೇಲೆ ಮೊಣಕಾಲೂರಿ ತೆವಳಿದ ಬಳಿಕ ಹುಟ್ಟಿತು. ಅನ್ನಂಭಟ್ಟನ ಮನೆಯಲ್ಲಿ ನಾಯಿಯಿರಲಿಲ್ಲವೆಂದು ಈಗ ನಿಶ್ಚಯಿಸಿದ್ದೇನೆ.

ನಮ್ಮದು ಮಲೆನಾಡಿನ ಒಂಟಿ ಮನೆ. ಹಿಂದೆ ಅಡಕೆಯ ತೋಟ, ಮುಂದೆ ಗದ್ದೆ, ಸುತ್ತಲೂ ಕಾಡು. ಇಂಥ ಮನೆಗೆ ನಾಯಿಯಿಲ್ಲದೆ ನಡೆಯದು. ಆದರೆ ನಮ್ಮ ಹಳೆಯ ನಾಯಿಯನ್ನು ಒಂದು ಮಳೆಗಾಲದ ಇರುಳು ಚಿರತೆಯು ಅಂಗಳದಿಂದಲೇ ಹೊತ್ತುಕೊಂಡು ಹೋದ ಮೇಲೆ, ಇನ್ನು ಈ ಮನೆಗೆ ನಾಯಿ ಬೇಡವೆಂದು ನನ್ನ ಮಡದಿಯು ಶಪಥ ಮಾಡಿದ್ದಳು. ಆ ಶಪಥವನ್ನು ಮುರಿದವಳು ನಮ್ಮಲ್ಲಿದ್ದು ಏಳನೆಯ ತರಗತಿ ಓದುತ್ತಿರುವ ಮೊಮ್ಮಗಳು. ಕಳೆದ ಕಾರ್ತಿಕದಲ್ಲಿ ಶಾಲೆಯಿಂದ ಬರುವಾಗ ಪುಸ್ತಕದ ಚೀಲದಲ್ಲಿ ಒಂದು ಕೆಂಚು ಬಣ್ಣದ ಕುನ್ನಿಯನ್ನು ಇಟ್ಟುಕೊಂಡು ಬಂದಳು. ಬೀದಿಯ ನಾಯಿಯ ಮರಿ; ಕುಲಗೋತ್ರ ತಿಳಿಯದು. ಕೌಲೇಯಕ, ಸಾರಮೇಯ ಎಂದು ಅಮರಕೋಶವು ನಾಯಿಗೆ ಎಂಥೆಂಥ ಗೌರವದ ಹೆಸರುಗಳನ್ನು ಕೊಟ್ಟಿದೆ! ನಾನು ಸಾರಮೇಯ ಎಂದು ಕರೆಯೋಣವೆಂದೆನು. ಮೊಮ್ಮಗಳು ಟಾಮಿ ಎಂದಳು. ಮಡದಿಯು ಯಾರನ್ನೂ ಕೇಳದೆ ಅಡುಗೆಮನೆಯ ಬಾಗಿಲಿನಲ್ಲಿ ನಿಂತು “ಕೆಂಚಾ” ಎಂದಳು, ಮರಿಯು ಓಡಿಹೋಯಿತು. ಹೆಸರಿಟ್ಟ ಮೇಲೆ ನಪುಂಸಕಲಿಂಗ ಸಲ್ಲದೆಂಬುದು ಅವಳ ವ್ಯಾಕರಣ. ನಾನೂ ಅದನ್ನೇ ಅನುಸರಿಸುತ್ತೇನೆ.

ಕೆಂಚನು ಬಂದ ಹದಿನೈದು ದಿನಗಳಲ್ಲಿ ನನ್ನ ಎರಡು ಜೊತೆ ಚಪ್ಪಲಿ, ಒಂದು ಚಾಪೆಯ ಅಂಚು ಮತ್ತು ಅಮರಕೋಶದ ದ್ವಿತೀಯ ಕಾಂಡದ ಒಂದು ಮೂಲೆ ಅವನ ಹಲ್ಲಿಗೆ ಸಿಕ್ಕಿ ಹಾಳಾದುವು. ಅವನಿಗೆ ಮಾಡಲು ಕೆಲಸವಿಲ್ಲ, ಅದಕ್ಕೇ ಹೀಗೆ ಎಂದು ಮೊಮ್ಮಗಳು ತೀರ್ಮಾನಿಸಿದಳು. ಅಮೆರಿಕದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ, ಪೋಲೀಸು ನಾಯಿಗಳನ್ನು ಪಳಗಿಸುವ ಕ್ರಮವನ್ನೇ ಹಗುರ ಮಾಡಿ, ಮನೆಯ ನಾಯಿಗಳಿಗಾಗಿ ಮೂಸಿ ಹುಡುಕುವ ಒಂದು ಆಟವನ್ನು ಕೆಲವರು ಕಟ್ಟಿದ್ದಾರೆಂದೂ, ಅಲ್ಲಿ ಭೂರ್ಜ, ಸೋಂಪು, ಲವಂಗ ಈ ಮೂರರ ಪರಿಮಳವನ್ನು ಅಡಗಿಸಿಟ್ಟು ನಾಯಿಯಿಂದ ಹುಡುಕಿಸುತ್ತಾರೆಂದೂ ಅವಳು ಎಲ್ಲಿಯೋ ಓದಿಕೊಂಡು ಬಂದಳು. ನಾನು ನಕ್ಕೆನು. ಮೀನಿಗೆ ಈಜು ಕಲಿಸುವವರುಂಟೆ?

“ಅಜ್ಜಾ, ಮೂಸೋದನ್ನ ನಾವು ಕಲಿಸೋದಲ್ಲ. ಮೂಸಿದ್ದನ್ನ ನಮಗೆ ಹೇಳೋದನ್ನ ಕಲಿಸೋದು” ಎಂದಳು.

ಮೂವತ್ತು ವರುಷ ಉಪಾಧ್ಯಾಯನಾಗಿದ್ದವನಿಗೆ ಈ ಮಾತಿಗೆ ಎದುರು ಮಾತು ಹೊಳೆಯಲಿಲ್ಲ. ಆಗ ಮೂಗಿನ ವಿಷಯದಲ್ಲಿಯೇ ನನಗೊಂದು ಮುನಿಸಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಾಯಿಯ ಮರಿಯು ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಕಿವಿಯೂ ಮುಚ್ಚಿರುತ್ತದೆ. ಕಣ್ಣು ತೆರೆಯಲು ಸುಮಾರು ಎರಡು ವಾರ ಬೇಕು. ಅಲ್ಲಿಯ ತನಕ ಅದಕ್ಕೆ ತಾಯಿಯೆಂದರೆ ಒಂದು ವಾಸನೆ ಮತ್ತು ಒಂದು ಬಿಸುಪು. ಗಂಧವನ್ನು ಹಿಡಿಯುವ ಕಣಗಳು ಮನುಷ್ಯನ ಮೂಗಿನಲ್ಲಿ ೫೦-೬೦ ಲಕ್ಷವೆಂದು ಸಾಮಾನ್ಯವಾದ ಅಂದಾಜು; ನಾಯಿಯಲ್ಲಾದರೋ ತಳಿಗನುಸಾರವಾಗಿ ೨೦ ಕೋಟಿಗೂ ಮಿಕ್ಕಿರುತ್ತವೆ. ಇನ್ನೊಂದು ಸೋಜಿಗವುಂಟು. ಅದರ ಮೂಗಿನ ಹೊಳ್ಳೆಗಳ ಪಕ್ಕದಲ್ಲಿ ಒಂದೊಂದು ಸೀಳಿದೆ. ಒಳಗೆಳೆದ ಗಾಳಿಯು ಹೊರಬೀಳುವಾಗ ಮುಂದಕ್ಕೆ ಬಾರದೆ ಈ ಸೀಳಿನ ಮೂಲಕ ಪಕ್ಕಕ್ಕೂ ಹಿಂದಕ್ಕೂ ಹೋಗುತ್ತದೆ. ಆದುದರಿಂದ ಮೂಸುತ್ತಿರುವ ವಸ್ತುವಿನ ಗಂಧವು ತನ್ನ ಉಸಿರಿನಿಂದಲೇ ಚದರಿ ಹೋಗುವುದಿಲ್ಲ. ಒಂದು ನಿಮಿಷಕ್ಕೆ ಮುನ್ನೂರರಷ್ಟು ಸಲ ಅದು ಮೂಸಬಲ್ಲುದು. ಕೆಂಚನು ಅಂಗಳದಲ್ಲಿ ಒಂದು ಒಣಗಿದ ಎಲೆಯ ಮುಂದೆ ನಿಂತು ಅಲುಗದೆ ಮೂಗನ್ನು ಮಾತ್ರ ಅದುರಿಸುವಾಗ, ಗ್ರಂಥದ ಒಂದೇ ಪಂಕ್ತಿಯ ಮೇಲೆ ಬೆರಳಿಟ್ಟು ಇಡೀ ಮಧ್ಯಾಹ್ನ ಕುಳಿತಿರುತ್ತಿದ್ದ ನನ್ನ ಗುರುಗಳ ನೆನಪಾಗುತ್ತದೆ. ಅವರು ನನ್ನನ್ನು ಕ್ಷಮಿಸಲಿ.

ಪಾಠವು ಹೀಗೆ ಮೊದಲಾಯಿತು. ಬೆಳಗಿನ ದೋಸೆಯ ಒಂದು ಚೂರನ್ನು ಒಂದು ಮುಷ್ಟಿಯಲ್ಲಿ ಹಿಡಿದು, ಎರಡು ಮುಷ್ಟಿಗಳನ್ನೂ ಅವನ ಮುಂದೆ ಚಾಚುವುದು. ಸರಿಯಾದ ಮುಷ್ಟಿಗೆ ಮೂಗು ತಾಗಿಸಿದೊಡನೆ ಕೈ ಬಿಡಿಸುವುದು. ಇದನ್ನು ಅವನು ಒಂದೇ ದಿನದಲ್ಲಿ ಕಲಿತನು. ನನ್ನ ಪ್ರಥಮಾ ತರಗತಿಯವರು ರಾಮಶಬ್ದಕ್ಕೆ ತೆಗೆದುಕೊಳ್ಳುತ್ತಿದ್ದ ಕಾಲವನ್ನು ಇಲ್ಲಿ ಬರೆಯುವುದಿಲ್ಲ. ಆ ಮೇಲೆ ಚೂರುಗಳನ್ನು ಜಗಲಿಯ ಮೇಲೆ ಚೆಲ್ಲಿ “ಹುಡುಕು” ಎನ್ನುವುದು. ಅದಾದ ಮೇಲೆ ತೆಂಗಿನ ಕರಟಗಳು. ಈ ಉಪಾಯವು ನನ್ನದು, ಅದಕ್ಕಾಗಿ ಸ್ವಲ್ಪ ಜಂಬವೂ ಇದೆ. ಕರಟದಲ್ಲಿ ಕಣ್ಣಿರುವ ಅರ್ಧವನ್ನೇ ಆರಿಸಿ, ಮೆತ್ತಗಿನ ಕಣ್ಣನ್ನು ಚುಚ್ಚಿ ಬೋರಲು ಹಾಕಿದರೆ, ಗಂಧವು ಹೊರಗೆ ಬರಲು ದೇವರೇ ಕೊಟ್ಟ ಒಂದು ದ್ವಾರವಾಯಿತು. ಮೊದಲು ಒಂದು ಕರಟ, ಅನಂತರ ಮೂರು, ಅನಂತರ ಏಳು. ಒಮ್ಮೆ ದೋಸೆಯನ್ನಿಟ್ಟ ಕರಟವನ್ನು ತೊಳೆಯದೆ ಮತ್ತೆ ಬರಿದಾಗಿ ಇಡಬಾರದು. ಹಾಗೆಯೇ ಎಲ್ಲ ಕರಟಗಳನ್ನೂ ನಮ್ಮ ಕೈಯಿಂದ ಮುಟ್ಟಿರಬೇಕು, ಇಲ್ಲವಾದರೆ ಅವನು ದೋಸೆಯನ್ನು ಬಿಟ್ಟು ನಮ್ಮ ಕೈಯ ವಾಸನೆಯನ್ನೇ ಹುಡುಕಲು ಕಲಿಯುತ್ತಾನೆ. ಒಂದು ಸಲಕ್ಕೆ ಐದು ನಿಮಿಷ ಸಾಕು. ಇನ್ನೂ ಬೇಕೆನ್ನುವಾಗಲೇ ನಿಲ್ಲಿಸಬೇಕೆಂಬ ನಿಯಮವನ್ನು ಮೊಮ್ಮಗಳು ನನ್ನಿಂದ ಬಲವಂತವಾಗಿ ಪಾಲಿಸಿದಳು. ಗಂಟೆ ಬಾರಿಸಿದ ಮೇಲೂ ಪಾಠ ಮುಂದುವರಿಸುವುದು ನನ್ನ ಹಳೆಯ ದೋಷ. ದ್ರಾಕ್ಷಿಯನ್ನು ಇಡೋಣವೆಂದು ನಾನೊಮ್ಮೆ ಡಬ್ಬಿಗೆ ಕೈ ಹಾಕಿದ್ದೆನು. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ, ಈರುಳ್ಳಿಯೂ ಕೂಡದು ಎಂದು ಪಶುವೈದ್ಯರು ಮೊದಲೇ ಎಚ್ಚರಿಸಿದ್ದುದನ್ನು ಮಡದಿಯು ನೆನಪಿಸಿದಳು. ಮರಿಗಳನ್ನು ಸಾಕುವ ವಾಚಕರು ಇದನ್ನು ಮರೆಯದಿರಲಿ.

ಒಂದು ಮಧ್ಯಾಹ್ನ ಕೆಂಚನು ಕರಟಗಳ ಸಾಲನ್ನು ಬಿಟ್ಟು ಎದುರು ಗೋಡೆಯ ಮೂಲೆಯನ್ನು ಮೂಸುತ್ತ ನಿಂತನು. ದಡ್ಡನೆಂದುಕೊಂಡೆನು. ಊದುಬತ್ತಿಯೊಂದನ್ನು ಹಚ್ಚಿ ಕರಟದ ಬಳಿ ಇಟ್ಟು ನೋಡಿದಾಗ, ಹೊಗೆಯು ಬಾಗಿಲ ಗಾಳಿಗೆ ನೆಲದ ಮೇಲೆ ಹರಿದು, ಸರಿಯಾಗಿ ಆ ಮೂಲೆಗೇ ಹೋಗಿ ನಿಂತಿತು. ಗಂಧವು ನೀರಿನಂತೆ ಹರಿಯುತ್ತದೆ, ತಗ್ಗಿನಲ್ಲಿ, ಮೂಲೆಯಲ್ಲಿ ನಿಲ್ಲುತ್ತದೆ, ಬಿಸಿಲೇರಿದರೆ ಮೇಲಕ್ಕೇಳುತ್ತದೆ. ಅಲ್ಲದೆ ಸೆಕೆಯಲ್ಲಿ ನಾಯಿಯು ಬಾಯಿ ತೆರೆದು ಏದುಸಿರು ಬಿಡುವಾಗ ಮೂಸುವುದು ಅದಕ್ಕೆ ಕಷ್ಟ. ಅಂದಿನಿಂದ ಪಾಠವನ್ನು ಬೆಳಗಿನ ಹೊತ್ತಿಗೂ ಸಂಜೆಗೂ ಬದಲಾಯಿಸಿದೆವು.

ಇಷ್ಟು ಕಂಡಿದ್ದರೂ ನಾನು ಆ ತಪ್ಪನ್ನು ಮಾಡಿದೆನು.

ಅಂದು ಏಳು ಕರಟಗಳನ್ನು ಸಾಲಾಗಿ ಇಟ್ಟಿದ್ದೆನು. ಕೆಂಚನು ಅವುಗಳ ಕಡೆಗೆ ತಿರುಗಿಯೂ ನೋಡದೆ ಹಿತ್ತಲ ಜಗಲಿಯ ಒರಳುಕಲ್ಲಿನ ಬಳಿ ಹೋಗಿ ಕುಳಿತನು. ಎಳೆದು ತಂದೆನು, ಮತ್ತೆ ಹೋದನು. ಮತ್ತೆ ಎಳೆದು ತಂದೆನು. ಮೂರನೆಯ ಸಲ ಹೋಗಿ ಕುಳಿತಾಗ ಕೈಯಲ್ಲಿದ್ದ ಸುರುಳಿ ಸುತ್ತಿದ ಪತ್ರಿಕೆಯಿಂದ ಅವನ ಬೆನ್ನಿಗೆ ಹೊಡೆದೆನು. ಪೆಟ್ಟು ದೊಡ್ಡದಲ್ಲ. ಆದರೆ ಅವನು ಕುಯ್ಗುಟ್ಟಿ ಮಂಚದ ಕೆಳಗೆ ಹೊಕ್ಕವನು ರಾತ್ರಿಯ ತನಕ ಹೊರಗೆ ಬರಲಿಲ್ಲ. ಸಂಜೆ ಹಿತ್ತಲು ಗುಡಿಸುವಾಗ ಒರಳಿನ ಹಿಂದಿನಿಂದ ಮಡದಿಯು ಒಂದು ದೋಸೆಯ ಚೂರನ್ನು ಹೊರತೆಗೆದಳು. ಹಿಂದಿನ ದಿನ ಅಡಗಿಸಿಟ್ಟು ಮರೆತವನು ನಾನೇ. ಅವಳು ಅದನ್ನು ತಂದು ಮಾತಿಲ್ಲದೆ ನನ್ನ ಮೇಜಿನ ಮೇಲೆ ಇಟ್ಟಳು.

ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರ ನಡೆಸುತ್ತಿರುವಾಗ ಒಂದು ನಾಯಿಮರಿಯು ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿಯು ಅಳುತ್ತ ತಾಯಿಯಾದ ಸರಮೆಯ ಬಳಿಗೆ ಹೋಗುತ್ತದೆ. ಸರಮೆಯೆಂದರೆ ದೇವಲೋಕದ ನಾಯಿ. ಪಣಿಗಳು ಬಚ್ಚಿಟ್ಟ ಇಂದ್ರನ ಹಸುಗಳನ್ನು ಅರಸುತ್ತ ರಸಾನದಿಯನ್ನು ದಾಟಿದ ಅವಳ ಸಂವಾದವು ಋಗ್ವೇದದ ಹತ್ತನೆಯ ಮಂಡಲದಲ್ಲಿದೆ. ನೀನು ಏನಾದರೂ ತಪ್ಪು ಮಾಡಿರಬೇಕು ಎಂದು ತಾಯಿ ಕೇಳಿದರೆ, ಹವಿಸ್ಸನ್ನು ನಾನು ನೆಕ್ಕಲೂ ಇಲ್ಲ, ನೋಡಲೂ ಇಲ್ಲ ಎಂದು ಮರಿಯು ಹೇಳುತ್ತದೆ. ಸರಮೆಯು ಸತ್ರಕ್ಕೆ ಬಂದು ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರು ಉತ್ತರವನ್ನೇ ಹೇಳುವುದಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಅವಳು ಶಪಿಸಿ ಹೋಗುತ್ತಾಳೆ. ಈ ಕಥೆಯನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ಹೊಡೆದವರ ಕಡೆಯಿಂದ ಅದನ್ನು ನೋಡಿದುದು ಆ ರಾತ್ರಿಯೇ.

ನಾಯಿಯ ಕಥೆಯಲ್ಲಿ ಒಂದು ಹುಡುಗನ ಕಥೆಯನ್ನು ತರುವುದಕ್ಕೆ ವಾಚಕರು ಮನ್ನಿಸಬೇಕು. ಎರಡೂ ನನ್ನಲ್ಲಿ ಈಗ ಬೇರೆಯಾಗಿ ಉಳಿದಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರುಷಗಳಲ್ಲಿ, ಒಂದು ಶಾಲೆಯಲ್ಲಿ, ದ್ವಿತೀಯಾ ಶಬ್ದದ ಚತುರ್ಥೀ ಏಕವಚನವನ್ನು ಕೇಳಿದೆನು. ಒಬ್ಬ ಹುಡುಗನು ಎದ್ದು ‘ದ್ವಿತೀಯಸ್ಯೈ’ ಎಂದನು. ‘ದ್ವಿತೀಯಾಯೈ’ ಎಂದು ತಿದ್ದಿದೆನು. “ನಮ್ಮ ಅಜ್ಜ ಹೀಗೇ ಹೇಳಿಕೊಟ್ಟದ್ದು ಸಾರ್” ಎಂದು ಅವನು ಕದಲದೆ ನಿಂತನು. ಎದುರು ಮಾತನಾಡಿದನೆಂದು ಅಂಗೈಗೆ ಎರಡು ಏಟು ಕೊಟ್ಟು ಕೂರಿಸಿದೆನು. ಅಂದು ರಾತ್ರಿ ಕೌಮುದಿಯನ್ನು ತೆಗೆದು ನೋಡಿದರೆ, ಅಲ್ಲಿ ವಿಕಲ್ಪ. ಎರಡು ರೂಪಗಳೂ ಸಾಧು. ಮರುದಿನ ತರಗತಿಗೆ ಹೋಗಿ ಮುಂದಿನ ಶಬ್ದವನ್ನು ಹೇಳಿಕೊಟ್ಟೆನು. ಅದರ ಮರುದಿನವೂ ಹೇಳಲಿಲ್ಲ. ಆ ಹುಡುಗನು ಮತ್ತೆ ನನ್ನ ತರಗತಿಯಲ್ಲಿ ತಾನಾಗಿ ಎದ್ದು ಉತ್ತರ ಹೇಳಲಿಲ್ಲ; ವರುಷದ ಕೊನೆಗೆ ಸಂಸ್ಕೃತವನ್ನು ಬಿಟ್ಟು ಬೇರೆ ಭಾಷೆಯನ್ನು ತೆಗೆದುಕೊಂಡನು. ಅವನಿಗೂ ಈಗ ಐವತ್ತು ದಾಟಿರಬೇಕು.

ಕೆಂಚನು ಎರಡು ದಿನ ಕರಟಗಳನ್ನು ಕಂಡರೆ ಬಾಲ ಮಡಚಿ ದೂರ ಹೋಗುತ್ತಿದ್ದನು. ಮೊಮ್ಮಗಳು ನನ್ನನ್ನು ಬೈಯಲಿಲ್ಲ. ಆಟದಿಂದ ಹೊರಗೆ ಹಾಕಿದಳು, ಅಷ್ಟೇ. ತಾನೊಬ್ಬಳೇ ಮತ್ತೆ ಮುಷ್ಟಿಯ ಆಟದಿಂದ ಮೊದಲುಮಾಡಿದಳು. ನಾನು ಬೆನ್ನು ತಿರುಗಿಸಿ ಜಗಲಿಯ ಕಂಬಕ್ಕೊರಗಿ ಕುಳಿತಿರಬೇಕು, ನೋಡಬಾರದು, ಮಾತನಾಡಬಾರದು. ಮೂರನೆಯ ದಿನ ಒಂದು ಒದ್ದೆ ಮೂಗು ಬಂದು ನನ್ನ ಮೊಣಕೈಯನ್ನು ತಟ್ಟಿತು. ನಾಯಿಗಳ ಸ್ಮರಣಶಕ್ತಿಯನ್ನು ಹೊಗಳುವವರು ಅವುಗಳ ಮರೆಯುವ ಶಕ್ತಿಯನ್ನೂ ಒಂದಿಷ್ಟು ಹೊಗಳಬೇಕು.

ನೋಡಬಾರದೆಂಬ ಆ ನಿಯಮಕ್ಕೆ ಬೇರೊಂದು ಕಾರಣವೂ ಇದೆಯೆಂದು ಆಮೇಲೆ ತಿಳಿಯಿತು. ೨೦೧೧ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದವರು ಮಾದಕ ವಸ್ತು, ಸಿಡಿಮದ್ದುಗಳನ್ನು ಹುಡುಕುವ ೧೮ ನಾಯಿಗಳನ್ನೂ ಅವುಗಳ ಪಾಲಕರನ್ನೂ ಪರೀಕ್ಷಿಸಿದರು. ಯಾವ ವಸ್ತುವನ್ನೂ ಎಲ್ಲಿಯೂ ಇಟ್ಟಿರಲಿಲ್ಲ. ಕೆಲವೆಡೆ ಒಂದು ಕೆಂಪು ಕಾಗದವನ್ನು ಅಂಟಿಸಿ, ವಸ್ತುವಿರುವ ಜಾಗಕ್ಕೆ ಅದು ಗುರುತೆಂದು ಪಾಲಕರಿಗೆ ಹೇಳಿದ್ದರು. ಏನೂ ಇಲ್ಲದ ಆ ಕೋಣೆಗಳಲ್ಲಿ ನಾಯಿಗಳು ಅನೇಕ ಸಲ ‘ಇದೆ’ ಎಂದುವು. ಕೆಂಪು ಕಾಗದವಿದ್ದಲ್ಲಿ ಹೆಚ್ಚಾಗಿ ಎಂದುವು. ಕಾಗದವನ್ನು ನಂಬಿದವರು ಮನುಷ್ಯರು. ನಿಲುವಿನಲ್ಲಿ, ಉಸಿರಿನಲ್ಲಿ, ಕಣ್ಣಿನ ಚಲನೆಯಲ್ಲಿ ನಾವು ಉತ್ತರವನ್ನು ಹೇಳಿಬಿಡುತ್ತೇವೆ. ನಾಯಿಯು ನಮಗೆ ಬೇಕಾದುದನ್ನೇ ನಮಗೆ ಒಪ್ಪಿಸುತ್ತದೆ. ಗುರುವಿನ ಮುಖವನ್ನು ನೋಡಿ ಉತ್ತರ ಹೇಳುವ ಶಿಷ್ಯರನ್ನು ನಾನೂ ಬಲ್ಲೆನು, ಅಂಥವರನ್ನೇ ಜಾಣರೆಂದು ಮೆಚ್ಚಿಯೂ ಇದ್ದೆನು. ಆದುದರಿಂದ ಒಬ್ಬರು ಅಡಗಿಸಬೇಕು, ಅದೆಲ್ಲಿದೆಯೆಂದು ತಿಳಿಯದ ಇನ್ನೊಬ್ಬರು ನಾಯಿಯ ಜೊತೆಗಿರಬೇಕು. ತಿಳಿಯದ ಆ ಇನ್ನೊಬ್ಬನ ಪದವಿ ನನಗೆ ಸಿಕ್ಕಿತು.

ಈಗ ನನ್ನ ಮುನಿಸಿನ ಮಾತು. ೨೦೨೧ರಲ್ಲಿ ಕೋವಿಡ್ ಜ್ವರವು ನಮ್ಮ ಮನೆಗೂ ಬಂದಿತು. ಜ್ವರವು ಹೋಯಿತು; ಅದರೊಡನೆ ನನ್ನ ಘ್ರಾಣೇಂದ್ರಿಯವೂ ಹೋಯಿತು. ಕಾಫಿಯು ಬಿಸಿನೀರಾಯಿತು. ಮೊದಲ ಮಳೆಗೆ ಮಣ್ಣು ನೆನೆದರೂ ನನಗೆ ಬರಿಯ ಸದ್ದು. ಮಡದಿಯು ಮುಡಿದ ಮಲ್ಲಿಗೆಯನ್ನು ಕಣ್ಣಿನಿಂದ ನೋಡಿ ತಿಳಿಯಬೇಕಾಯಿತು. ತಿಂಗಳುಗಳು ಕಳೆದ ಮೇಲೆ ಅಲ್ಪಸ್ವಲ್ಪ ಮರಳಿತು, ಆದರೆ ಹೊಗೆಯೂ ಹೂವೂ ಒಂದೇ ಎಂಬಂತೆ, ಕೆಟ್ಟು ಮರಳಿತು. ಅನ್ನಂಭಟ್ಟನ ಎರಡು ಭೇದಗಳಲ್ಲಿ ನನಗೆ ಒಂದೂ ಪೂರ್ತಿಯಾಗಿ ಉಳಿದಿರಲಿಲ್ಲ. ವೈದ್ಯರು ಒಂದು ಅಭ್ಯಾಸವನ್ನು ಹೇಳಿದರು. ಜರ್ಮನಿಯ ತೋಮಸ್ ಹುಮ್ಮೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ ೨೦೦೯ರಲ್ಲಿ ಪ್ರಕಟಿಸಿದ ಕ್ರಮ: ಗುಲಾಬಿ, ನಿಂಬೆ, ನೀಲಗಿರಿ, ಲವಂಗ, ಈ ನಾಲ್ಕನ್ನು ಬೆಳಿಗ್ಗೆಯೂ ಸಂಜೆಯೂ ಮನಸ್ಸಿಟ್ಟು ಮೂಸುವುದು, ೧೨ ವಾರ. ಮೂಗನ್ನು ಮತ್ತೆ ಒಂದನೆಯ ತರಗತಿಗೆ ಸೇರಿಸಿದಂತೆ. ನಾನು ಮೂರು ವಾರ ಮಾಡಿ ಬಿಟ್ಟುಬಿಟ್ಟೆನು. ಅಭ್ಯಾಸ ಸಾಲದೆಂದು ಎಷ್ಟು ಮಕ್ಕಳನ್ನು ಗದರಿದ್ದೆನೋ ಲೆಕ್ಕವಿಲ್ಲ.

ದೋಸೆಯ ಪಾಠವು ಮುಗಿದು ಪರಿಮಳದ ಪಾಠವು ಮೊದಲಾಗಬೇಕಾದಾಗ ಮೊಮ್ಮಗಳು ಆರಿಸಿದುದು ಲವಂಗವನ್ನು. ಅಡುಗೆಮನೆಯಲ್ಲಿ ಸಿಕ್ಕುತ್ತದೆಂಬುದಷ್ಟೇ ಅವಳ ಕಾರಣ. ಲವಂಗದ ಎಣ್ಣೆಯು ನಾಯಿಯ ಬಾಯಿಗೆ ಹೋಗಬಾರದು. ಆದುದರಿಂದ ಎರಡು ಲವಂಗವನ್ನು ಅರಿವೆಯಲ್ಲಿ ಕಟ್ಟಿ, ತೂತು ಕೊರೆದ ಒಂದು ಸಣ್ಣ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಿದೆವು. ನನ್ನ ತಂದೆಯವರ ನಶ್ಯದ ಡಬ್ಬಿ ಇದೆಯಲ್ಲವೆ ಎಂದೆನು. ಕೆಂಚನಿಗೆ ಆ ಚಟವೂ ಬೇಡವೆಂದು ಮಡದಿಯು ತಡೆದಳು. ಮೊದಲು ಡಬ್ಬಿಯ ಪಕ್ಕದಲ್ಲಿಯೇ ದೋಸೆಯ ಚೂರನ್ನೂ ಇಡುವುದು. ಕೆಲವು ದಿನಗಳ ಮೇಲೆ ಡಬ್ಬಿ ಮಾತ್ರ ಕರಟದ ಕೆಳಗೆ. ಅದನ್ನು ಕಂಡುಹಿಡಿದು ಕುಳಿತರೆ ದೋಸೆಯು ನಮ್ಮ ಕೈಯಿಂದ. ಲವಂಗವನ್ನು ಹುಡುಕಿದರೆ ದೋಸೆ ಬರುತ್ತದೆಂಬ ಈ ಕಾರ್ಯಕಾರಣಭಾವವು ಅವನ ತಲೆಗೆ ಹತ್ತಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನವೂ, ಡಬ್ಬಿಯನ್ನು ಸಿದ್ಧಪಡಿಸುವಾಗ, ಯಾರೂ ನೋಡದಂತೆ ಅದನ್ನು ಒಮ್ಮೆ ನನ್ನ ಮೂಗಿಗೂ ಹಿಡಿದುಕೊಂಡೆನು. ಏನೂ ಇಲ್ಲ. ಹನ್ನೊಂದನೆಯ ದಿನದಿಂದ ಗುಲಾಬಿ, ನಿಂಬೆ, ನೀಲಗಿರಿಗಳನ್ನೂ ಹೊರಗೆ ತೆಗೆದೆನು.

ಕೆಂಚನ ಸ್ವಭಾವವೂ ಬದಲಾಯಿತು. ಅಪರಿಚಿತರನ್ನು ಕಂಡರೆ ಮಂಚದ ಕೆಳಗೆ ಓಡುತ್ತಿದ್ದವನು ಈಗ ಮೂಗು ಚಾಚಿ ಮುಂದೆ ಬರುತ್ತಾನೆ. ಶಾರ್ಲೊಟ್ ಡ್ಯುರಾಂಟನ್, ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬಿಬ್ಬರು ೨೦೧೯ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಎರಡು ವಾರ ಮೂಸಿ ಹುಡುಕುವ ಆಟವಾಡಿದ ನಾಯಿಗಳು, ತಿಂಡಿಯಿದೆಯೋ ಇಲ್ಲವೋ ಎಂದು ಸಂದೇಹವಿರುವ ಬಟ್ಟಲಿನ ಕಡೆಗೆ ಮೊದಲಿಗಿಂತ ಬೇಗನೆ ಹೋದುವಂತೆ. ಪಾಲಕರ ಕಾಲ ಬಳಿ ಸರಿಯಾಗಿ ನಡೆಯುವುದನ್ನು ಕಲಿತ ನಾಯಿಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ನಾನು ನನ್ನ ಮಕ್ಕಳಿಗೆ ಹೆಚ್ಚಾಗಿ ಕಲಿಸಿದುದು ಇವುಗಳಲ್ಲಿ ಎರಡನೆಯದನ್ನು.

ಕಳೆದ ವಾರದ ಸಂಜೆಯ ಮಾತು. ಮೊಮ್ಮಗಳು ಏಳು ಕರಟಗಳನ್ನು ಅಂಗಳದ ಹುಲ್ಲಿನ ಕುತ್ತರಿಯ ಬಳಿ ಅಲ್ಲಲ್ಲಿ ಬೋರಲಿಟ್ಟು ಜಗಲಿಗೆ ಬಂದು ಕುಳಿತಳು. ಕುಳಿತುಕೊಳ್ಳುವಾಗ ಅವಳ ಕಣ್ಣು ತುಳಸಿಯ ಕಟ್ಟೆಯ ಬಳಿಯ ಕರಟದ ಕಡೆಗೆ ಒಮ್ಮೆ ಹೋದುದನ್ನು ಕಂಡು, ಅಲ್ಲಿಯೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದೆನು. ಕೆಂಚನನ್ನು ಬಿಟ್ಟು “ಹುಡುಕು” ಎಂದೆನು. ಅವನು ತುಳಸಿಯ ಕಟ್ಟೆಯ ಬಳಿಗೇ ಹೋದನು, ಮೂಸಿದನು, ಬಿಟ್ಟನು. ನನ್ನ ಬಾಯಿಗೆ ಮಾತು ಬಂದಿತ್ತು. ಹಲ್ಲು ಕಚ್ಚಿ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತೆನು. ತಂಗಾಳಿಯು ತೋಟದ ಕಡೆಯಿಂದ ಬರುತ್ತಿತ್ತು. ಅವನು ಗಾಳಿಗೆದುರಾಗಿ ಮೂಗನ್ನೆತ್ತಿ, ಒಮ್ಮೆ ಸುತ್ತಿ, ಕುತ್ತರಿಯ ಬುಡದಲ್ಲಿದ್ದ ಕರಟದ ಮುಂದೆ ಹೋಗಿ ಕುಳಿತನು. ಕುಳಿತು, ನನ್ನ ಮುಖವನ್ನು ನೋಡಿದನು.

ನಾನು ಹೋಗಿ ಕರಟವನ್ನೆತ್ತಿದೆನು. ಡಬ್ಬಿಯು ಅಲ್ಲಿಯೇ ಇತ್ತು. ಅಭ್ಯಾಸಬಲದಿಂದ ಅದನ್ನು ಮೂಗಿಗೆ ಹಿಡಿದೆನು. ಏನೋ ಒಂದು ಚುರುಕು, ಎಳೆಯಷ್ಟು ಖಾರ, ಬಹಳ ದೂರದ್ದು. ಲವಂಗವೋ ಲವಂಗದ ನೆನಪೋ ಎಂದು ಹೇಳಲಾರೆನು. ಉಸಿರನ್ನು ಬಿಟ್ಟು ಮತ್ತೆ ಎಳೆದೆನು, ಇರಲಿಲ್ಲ. ಮತ್ತೆ ಎಳೆದೆನು.

“ಅಂಗಳದಲ್ಲಿ ನಿಂತು ಏನು ಮಾಡ್ತಿದ್ದೀರಿ?” ಎಂದು ಮಡದಿಯು ಒಳಗಿನಿಂದ ಕೇಳಿದಳು. ನಾನು ಮಾತನಾಡದೆ ಇನ್ನೊಮ್ಮೆ ಮೂಸಿದೆನು. ಕೆಂಚನು ಕುಳಿತಲ್ಲಿಂದ ಏಳದೆ ಬಾಲದಿಂದ ನೆಲವನ್ನು ಬಡಿಯುತ್ತಿದ್ದನು.

“ಅಜ್ಜಾ, ಮೊದಲು ಅವನ ದೋಸೆ ಕೊಡು” ಎಂದಳು ಮೊಮ್ಮಗಳು.